ಟ್ರೋಲ್ ಕೇಯಾಸ್ ಅಲ್ಲ ಅಂದ್ರೆ ಮತ್ತೆ ಯಾರು? ಗ್ಲೊರಾಂಥಾ ಆಡಿಸುವವರು ಸ್ವಲ್ಪ ಈ ಕಡೆ ಬನ್ನಿ

ದಾಳಪ್ಪ:
ಇಷ್ಟು ದಿನ ನಮ್ಮ ಗುಂಪು ಆಡ್ತಿದ್ದದ್ದು ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಐದನೇ ಆವೃತ್ತಿ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ದಾಳ ಹಾಕಿ ಆಡೋ ರೋಲ್‌ಪ್ಲೇಯಿಂಗ್ ಗೇಮ್. ಈಗ ಗ್ಲೊರಾಂಥಾ ಅನ್ನೋ ಕಲ್ಪಿತ ಲೋಕಕ್ಕೆ ಬಂದಿದ್ದೀವಿ, ನಿಯಮಕ್ಕೆ ರೂನ್‌ಕ್ವೆಸ್ಟ್ ಅನ್ನೋ ಆಟದ 2018ರ ಆವೃತ್ತಿ. ಒಬ್ಬ ಆಟಗಾರ ಸ್ಟಾರ್ಮ್ ಬುಲ್ ಅನ್ನೋ ಗೂಳಿದೇವರ ಭಕ್ತನ ಪಾತ್ರ ತಗೊಂಡಿದ್ದಾನೆ. ಕೇಯಾಸ್, ಅಂದ್ರೆ ಲೋಕವನ್ನೇ ಅಳಿಸೋ ಶಕ್ತಿ, ಎಲ್ಲಿದ್ರೂ ಮೂಗಿಗೆ ಬಡಿಯುತ್ತೆ, ಕಂಡಲ್ಲಿ ಕಡೀಬೇಕು, ಅದೇ ಅವನ ಧರ್ಮ.

ಮೊನ್ನೆಯ ಆಟದಲ್ಲಿ ದಾರೀಲಿ ಟ್ರೋಲ್ ವ್ಯಾಪಾರಿಗಳು ಎದುರಾದ್ರು. ಆಳೆತ್ತರದ ಜೀರುಂಡೆಗಳ ಬೆನ್ನ ಮೇಲೆ ಮೂಟೆ, ಪಕ್ಕದಲ್ಲಿ ಒಬ್ಬ ಟ್ರೋಲ್ ಹೆಂಗಸು ಕಲ್ಲನ್ನ ಕಟಕಟ ಅಂತ ಅಗೀತಾ ಕೂತಿದ್ಲು. ನಾನು ವರ್ಣನೆ ಮುಗಿಸೋದ್ರೊಳಗೆ ನಮ್ಮ ಹುಡುಗ ಕೊಡಲಿ ಎತ್ತಿಬಿಟ್ಟ. ‘ಟ್ರೋಲ್ ಕೇಯಾಸ್ ಅಲ್ಲಪ್ಪ’ ಅಂದೆ. ‘ಇಷ್ಟು ವಿಕಾರವಾಗಿದೆ, ಮನುಷ್ಯರನ್ನೂ ತಿನ್ನುತ್ತೆ, ಇದಲ್ಲದಿದ್ರೆ ಇನ್ಯಾವುದು ಕೇಯಾಸ್?’ ಅಂದ. ಆಮೇಲೆ ಆಟ ನಿಂತು ವಾದ ಶುರುವಾಯ್ತು.

ಪುಸ್ತಕದಲ್ಲಿ ಯಾವ ಪ್ರಾಣಿ ಕೇಯಾಸ್, ಯಾವುದಲ್ಲ ಅಂತ ಪಟ್ಟಿ ಇದೆ, ಓದಿದ್ದೀನಿ. ನನಗೆ ಬೇಕಾಗಿರೋದು ಪಟ್ಟಿ ಅಲ್ಲ. ಮೇಜಿನ ಮುಂದೆ ಕೂತ ಆಟಗಾರನಿಗೆ ಒಂದು ನಿಮಿಷದಲ್ಲಿ ಅರ್ಥ ಮಾಡಿಸೋದು ಹೇಗೆ?

ಹಳೇ ಗೂಳಿ:
ನಿಮ್ಮ ಹುಡುಗ ಆಟದ ಲೋಕದಲ್ಲಿ ಹಾಗೆ ಮಾಡಿದ್ದಿದ್ರೆ ಅವನ ಪೂಜಾರಿನೇ ಕಪಾಳಕ್ಕೆ ಬಾರಿಸ್ತಿದ್ದ. ಯಾಕಂದ್ರೆ ಕೇಯಾಸ್ ವಿರುದ್ಧದ ಜಗಳದಲ್ಲಿ ಟ್ರೋಲ್‌ಗಳು ನಮ್ಮ ಕಡೆಯವರು.

ಪಟ್ಟಿ ಬಿಟ್ಟು ಪುರಾಣದಿಂದ ಶುರು ಮಾಡಿ. ಗ್ರೆಗ್ ಸ್ಟಾಫರ್ಡ್ 1966ರಲ್ಲಿ ಈ ಲೋಕದ ಕಥೆ ಬರೆಯೋಕೆ ಕೂತಾಗ ರೋಲ್‌ಪ್ಲೇಯಿಂಗ್ ಗೇಮ್ ಅನ್ನೋದೇ ಇರಲಿಲ್ಲ. ಬೋರ್ಡ್ ಗೇಮ್ ಆಗಿ ಹೊರಗೆ ಬಂದದ್ದು 1975ರಲ್ಲಿ, ರೂನ್‌ಕ್ವೆಸ್ಟ್ ಬಂದದ್ದು 1978ರಲ್ಲಿ. ಅಂದ್ರೆ ಇಲ್ಲಿನ ಜೀವಿಗಳು ಕೋಣೆಯಲ್ಲಿ ಕೂತು ಪೆಟ್ಟು ತಿನ್ನೋಕೆ ಅಂತ ಹುಟ್ಟಿದವಲ್ಲ. ಮೊದಲು ಕಥೆ ಹುಟ್ಟಿತು, ಅಂಕಿಸಂಖ್ಯೆ ಆಮೇಲೆ ಬಂತು.

ಕಥೆ ಇಷ್ಟು. ಲೋಕದ ನಟ್ಟನಡುವೆ ಸ್ಪೈಕ್ ಅಂತ ಒಂದು ಪರ್ವತ. ದೇವತೆಗಳ ಯುದ್ಧದಲ್ಲಿ ಅದು ಸಿಡಿದು ಚೂರಾಯ್ತು. ಅದಿದ್ದ ಜಾಗದಲ್ಲಿ ಉಳಿದದ್ದು ತೂತು. ಲೋಕದ ಆಚೆಗಿದ್ದ ಶೂನ್ಯ ಅಲ್ಲಿಂದ ಒಳಗೆ ನುಗ್ಗಿತು. ಅದನ್ನ ತುಂಬೋಕೆ ಕಡಲದೇವರು ಮಗಾಸ್ಟಾ ಲೋಕದ ನೀರನ್ನೆಲ್ಲ ಕರೆದ. ಇವತ್ತಿಗೂ ಗ್ಲೊರಾಂಥಾದ ಸಮುದ್ರಗಳು ಆ ಸುಳಿಯೊಳಗೆ ಸುರೀತಾನೇ ಇವೆ. ನಕ್ಷೆಯಲ್ಲಿ ನೋಡಿ, ನಡುಮಧ್ಯ ಇದೆ.

ಕೇಯಾಸ್ ಅಂದ್ರೆ ಆ ತೂತು, ಮತ್ತೆ ಅದರಿಂದ ಒಳಗೆ ಬಂದದ್ದು. ಕತ್ತಲೆ, ಬಿರುಗಾಳಿ, ಬೆಂಕಿ, ಸಾವು ಇವೆಲ್ಲ ಎಷ್ಟೇ ಭಯಂಕರ ಆದ್ರೂ ಲೋಕದ ಒಳಗಿನವು. ಸಾವಿನ ದೇವರು ಹುಮಾಕ್ಟ್‌ಗೆ ಊರೂರಲ್ಲಿ ಗುಡಿ ಇದೆ, ಅವನ ಭಕ್ತರಿಗೆ ಮರ್ಯಾದೆ ಇದೆ.

ಟ್ರೋಲ್ ಯಾರು? ಕತ್ತಲೆಯ ಮಕ್ಕಳು. ಅವರ ತಾಯಿ ಕೈಗರ್ ಲಿಟರ್, ಮನೆ ಪಾತಾಳ. ಸೂರ್ಯದೇವ ಯೆಲ್ಮ್ ಸತ್ತು ಪಾತಾಳಕ್ಕೆ ಇಳಿದಾಗ ಅವನ ಉರಿ ತಡೀಲಾರದೆ ಮನೆಮಠ ಬಿಟ್ಟು ಮೇಲೆ ಬಂದ ಜನ. ನಿರಾಶ್ರಿತರು ಸ್ವಾಮಿ! ಕಲ್ಲು ತಿಂತಾರೆ, ಕಬ್ಬಿಣ ಕಂಡ್ರೆ ಆಗಲ್ಲ, ಹಸಿದರೆ ನಿಮ್ಮನ್ನೂ ತಿಂತಾರೆ. ಆದ್ರೆ ಅವರಿಗೂ ವಂಶ ಇದೆ, ಹಿರಿಯರಿದ್ದಾರೆ, ಕೊಟ್ಟ ಮಾತಿದೆ.

ಹುಬ್ಳಿ ಡೈಸ್:
ಅಲ್ರೀ ಗೂಳಿಯವರ, ಡಿ ಅಂಡ್ ಡಿ ಒಳಗ ಪಾತ್ರದ ಸ್ವಭಾವಕ್ಕ ಕೇಯಾಟಿಕ್ ಗುಡ್ ಅಂತ ಇರ್ತದಲ್ಲ, ನಾ ಯಾವಾಗ್ಲೂ ಅದನ್ನ ತಗೋತೀನಿ. ಮಂದಿಗೆ ಒಳ್ಳೇದ ಮಾಡ್ತೀನಿ, ಯಾರ ಮಾತೂ ಕೇಳಂಗಿಲ್ಲ. ಇಲ್ಲಿ ಹಂಗ ನಡಿಯೂದಿಲ್ಲೇನು?

ಹಳೇ ಗೂಳಿ:
ನಡಿಯೂದಿಲ್ಲ. ಡಿ ಅಂಡ್ ಡಿಯಲ್ಲೂ ಮೊದಲು ಹಾಗಿರಲಿಲ್ಲ. 1974ರ ಪೆಟ್ಟಿಗೆಯಲ್ಲಿ ಇದ್ದದ್ದು ಲಾ, ನ್ಯೂಟ್ರಾಲಿಟಿ, ಕೇಯಾಸ್ ಅನ್ನೋ ಮೂರೇ ಪಕ್ಷ. ಒಳ್ಳೆಯದು ಕೆಟ್ಟದ್ದು ಸೇರ್ಕೊಂಡು ಒಂಬತ್ತು ಮನೆಯ ಚೌಕ ಪ್ಲೇಯರ್ಸ್ ಹ್ಯಾಂಡ್‌ಬುಕ್‌ಗೆ ಬಂದದ್ದು 1978ರಲ್ಲಿ. ಆಮೇಲೆ ಅದು ಸ್ವಭಾವದ ಮಾತಾಯ್ತು: ಯಾರ ಮಾತೂ ಕೇಳದವನು ಕೇಯಾಟಿಕ್. ಗ್ಲೊರಾಂಥಾದಲ್ಲಿ ಯಾರ ಮಾತೂ ಕೇಳದ ದೇವರು ಓರ್ಲಾಂಥ್. ಬಿರುಗಾಳಿಯ ಒಡೆಯ, ಸೂರ್ಯನನ್ನೇ ಕೊಂದವನು, ಆಮೇಲೆ ಲೋಕ ಉಳಿಸೋಕೆ ಪಾತಾಳಕ್ಕೆ ನಡೆದು ಹೋದವನು. ಅವನು ಕೇಯಾಸ್ ಅಲ್ಲವೇ ಅಲ್ಲ, ಅದರ ಮೊದಲ ಶತ್ರು. ನಿಮ್ಮ ಪಾತ್ರ ಓರ್ಲಾಂಥ್ ಗುಡಿಗೆ ಹೋಗ್ಲಿ, ಚೆನ್ನಾಗಿ ಹೊಂದ್ಕೊಳ್ಳುತ್ತೆ.

ಬಣ್ಣದ ಡಬ್ಬಿ:
ನಾನು ವಾರ್‌ಹ್ಯಾಮರ್ ಅನ್ನೋ ಯುದ್ಧದ ಆಟದ ಬೊಂಬೆಗಳಿಗೆ ಬಣ್ಣ ಹಚ್ಚೋನು. ನಮ್ಮಲ್ಲಿ ಕೇಯಾಸ್ ಅಂದ್ರೆ ಮನುಷ್ಯರ ಮನಸ್ಸಿನ ಕೊಳೆ. ಸಿಟ್ಟಿಂದ ಕಾರ್ನ್ ಅನ್ನೋ ಕೇಯಾಸ್ ದೇವರು ಹುಟ್ಟಿದ, ರೋಗ ಮತ್ತು ಹತಾಶೆಯಿಂದ ನರ್ಗಲ್. ಒಳಗಿಂದ ಹೊರಗೆ ಬರುತ್ತೆ. ನೀವು ಹೇಳ್ತಿರೋದು ಹೊರಗಿಂದ ಒಳಗೆ. ಎರಡನ್ನೂ ಕಲಸಿದ್ರೆ ಆಟ ಕೆಡುತ್ತೆ ಅನ್ನೋದು ನನ್ನ ಅಭಿಪ್ರಾಯ. ಎಂಟು ಬಾಣದ ಚಿಹ್ನೆಯನ್ನಂತೂ ಗ್ಲೊರಾಂಥಾಕ್ಕೆ ತರಬೇಡಿ, ಅದು ಲೇಖಕ ಮೈಕೆಲ್ ಮೂರ್‌ಕಾಕ್‌ ಕಥೆಗಳಿಂದ ಬಂದದ್ದು.

ತೆರೆಯ ಹಿಂದೆ:
ಕರಾವಳಿಯವಳು, ಯಕ್ಷಗಾನದ ಬಣ್ಣದ ವೇಷ ನೋಡ್ತಾ ಬೆಳೆದವಳು. ಅದಕ್ಕೇ ಒಂದು ಮಾತು ಹೇಳ್ಬೇಕು ಅನ್ನಿಸ್ತು. ನಮ್ಮ ಕನ್ನಡದ ಗುಂಪುಗಳಲ್ಲಿ ಈ ಲೋಕ ಆಡಿಸುವಾಗ ಎಲ್ಲರೂ ಮಾಡೋ ಮೊದಲ ಕೆಲಸ, ಕೇಯಾಸ್ ಅಂದ್ರೆ ಅಸುರರು ಅಂತ ಹೇಳಿಬಿಡೋದು. ಅಲ್ಲಿಗೆ ಕೆಟ್ಟಿತು.

ಮಹಿಷಾಸುರನನ್ನೇ ತಗೊಳ್ಳಿ. ಕೂತು ತಪಸ್ಸು ಮಾಡ್ತಾನೆ. ಬ್ರಹ್ಮ ಬಂದು ವರ ಕೊಡ್ತಾನೆ, ಕೊಡಲೇಬೇಕು, ಯಾಕಂದ್ರೆ ತಪಸ್ಸಿಗೆ ಫಲ ಇರಲೇಬೇಕು. ಅವನನ್ನು ಕೊಲ್ಲೋಕೂ ವರದ ಸಂದಿಯಲ್ಲೇ ದಾರಿ ಹುಡುಕಬೇಕು, ದೇವತೆಗಳೂ ವರವನ್ನು ಮುರಿಯೋ ಹಾಗಿಲ್ಲ. ಅಂದ್ರೆ ಅಸುರ ಲೋಕದ ಕರಾರಿನ ಒಳಗೇ ಇದ್ದಾನೆ. ಬಲಿಯಂತೂ ಕೊಟ್ಟ ಮಾತಿಗೆ ತಲೆ ಒಡ್ಡಿದವನು, ದೀಪಾವಳಿಗೆ ನಾವು ಬಲೀಂದ್ರನನ್ನು ಕೂಗಿ ಕರೆದು ದೀಪ ಇಡ್ತೇವೆ. ಇವರೆಲ್ಲ ಗೂಳಿಯವರು ಹೇಳಿದ ಟ್ರೋಲ್‌ಗಳ ಸಾಲಿಗೆ ಬರ್ತಾರೆಯೇ ಹೊರತು ಕೇಯಾಸ್ ಸಾಲಿಗಲ್ಲ. ಲೋಕವನ್ನು ಆಳಬೇಕು ಅನ್ನೋನು ಲೋಕ ಉಳೀಬೇಕು ಅಂತಲೇ ಬಯಸ್ತಾನೆ.

ಹೊರಗಿನವರು ನಮ್ಮ ರಾಕ್ಷಸನನ್ನು ಮಾಡಿದ ರೀತಿಯೂ ನೋಡುವ ಹಾಗಿದೆ. ಡಿ ಅಂಡ್ ಡಿಯ 1977ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ರಾಕ್ಷಸ ಅಂದ್ರೆ ಹುಲಿ ತಲೆಯವನು, ಗೌನು ಹಾಕ್ಕೊಂಡು ಪೈಪ್ ಸೇದ್ತಾ ಆರಾಮಾಗಿ ಕೂತಿದ್ದಾನೆ. ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ಒಂದು ತಾಗಿದ್ರೆ ಸತ್ತ. ನೋಡಿ ನಗು ಬಂತು, ಸಿಟ್ಟೇನೂ ಬರಲಿಲ್ಲ. ಪಾಪ, ಪೈಪ್ ಸೇದ್ಲಿ.

ಆದ್ರೆ ನಮ್ಮ ಯಕ್ಷಗಾನದ ಆಟದಿಂದ ಒಂದು ವಿದ್ಯೆ ಖಂಡಿತ ತಗೊಳ್ಳಬಹುದು, ತೆರೆ ಒಡ್ಡೋಲಗ. ರಾಕ್ಷಸ ಒಮ್ಮೆಗೇ ಎದುರು ಬರುವುದಿಲ್ಲ. ಇಬ್ಬರು ತೆರೆ ಹಿಡಿದಿರ್ತಾರೆ. ಮೊದಲು ಅಬ್ಬರ ಕೇಳ್ತದೆ, ಚೆಂಡೆ ಏರ್ತದೆ, ತೆರೆಯ ಮೇಲಿಂದ ಕಿರೀಟದ ತುದಿ ಮಾತ್ರ ಕಾಣ್ತದೆ. ಆಮೇಲೆ ಕಣ್ಣು. ತೆರೆ ಸರಿಯುವ ಹೊತ್ತಿಗೆ ಮಕ್ಕಳು ಅಮ್ಮನ ಸೆರಗಿನೊಳಗೆ. ಆಟ ನಡೆಸುವ ಗೇಮ್ ಮಾಸ್ಟರ್‌ಗಳು ಕೇಯಾಸ್ ಜೀವಿಯನ್ನು ತರುವಾಗ ಹೆಸರು ಹೇಳಿ ತರಬೇಡಿ. ಮೊದಲು ವಾಸನೆ, ಆಮೇಲೆ ಬಾವಿಯ ನೀರಿನ ಬಣ್ಣ, ಆಮೇಲೆ ಬೇಲಿ ಹಾರಿದ ಗುರುತು.

ದಾಳಪ್ಪ:
ತೆರೆ ಒಡ್ಡೋಲಗದ ಐಡಿಯಾ ಇಟ್ಕೊಂಡೆ. ಈ ವಾರವೇ ಬಳಸ್ತೀನಿ.

ಅರ್ಧ ಚಹಾ:
ಎಲ್ಲಾ ಸರಿ, ಆದ್ರೆ ಯಾರೂ ಬ್ರೂ ವಿಷಯ ಎತ್ತುತ್ತಿಲ್ಲ. ಮೇಕೆ ತಲೆಯ ಬ್ರೂಗಳು ಹುಟ್ಟುವಾಗಲೇ ಕೇಯಾಸ್. ಆಯ್ಕೆಯೇ ಇಲ್ಲ. ಡಿ ಅಂಡ್ ಡಿಯವರೇ 2020ರಲ್ಲಿ ‘ಓರ್ಕ್‌ಗಳನ್ನೂ ಡ್ರೌಗಳನ್ನೂ ಹುಟ್ಟಾ ದುಷ್ಟರು ಅಂತ ತೋರಿಸೋದನ್ನ ಬಿಡ್ತೀವಿ’ ಅಂತ ಹೇಳಿ ಆಯ್ತು. ಒಂದು ಜನಾಂಗವನ್ನು ಇಡಿಯಾಗಿ ಕೊಲ್ಲಬಹುದು ಅಂತ ಆಟ ಹೇಳೋದು ನನಗೆ ಹಿಡಿಸಲ್ಲ. ಹುಟ್ಟಿನಿಂದಲೇ ಅಶುದ್ಧ ಅನ್ನೋ ಮಾತನ್ನ ಈ ನೆಲದಲ್ಲಿ ಕೂತು ಕೇಳೋರು ಎರಡು ಸಲ ಯೋಚಿಸಬೇಕು ಅಲ್ವಾ?

ಇನ್ನೊಂದು, ಅವು ಹುಟ್ಟುವ ಬಗೆ. ಬೇರೆ ಜೀವಿಗಳ ಮೈಯೊಳಗೆ ಬಲವಂತವಾಗಿ ಬೀಜ ಇಟ್ಟು, ಆ ಮರಿ ಒಳಗಿಂದ ತಿಂದು ಹೊರಗೆ ಬರುತ್ತೆ. ನಮ್ಮ ಮೇಜಿನಲ್ಲಿ ಇದು ಬೇಡ ಅಂತ ನಾನು ನೇರವಾಗಿ ಹೇಳಿದ್ದೀನಿ.

ಹಳೇ ಗೂಳಿ:
ಎರಡನೆಯದಕ್ಕೆ ಮೊದಲು ಉತ್ತರ: ಹೇಳಿದ್ದು ಸರಿ. ಆಟ ಶುರುವಾಗೋ ಮುಂಚೆ ಎಲ್ಲರನ್ನೂ ಕೇಳ್ಬೇಕು. ನನ್ನ ಮೇಜಿನಲ್ಲಿ ಅದು ತೆರೆಯ ಆಚೆಗೂ ನಡೆಯಲ್ಲ. ಬ್ರೂಗಳನ್ನು ರೋಗ ಹೊತ್ತು ತರೋರು ಅಂತ ಮಾತ್ರ ಆಡಿಸ್ತೀನಿ. ರೋಗದೇವತೆ ಮಾಲಿಯಾಳ ಭಕ್ತರು ಅವರಲ್ಲಿ ಬೇಕಾದಷ್ಟಿದ್ದಾರೆ, ಹೆದರಿಕೆಗೆ ಅಷ್ಟು ಸಾಕು.

ಮೊದಲನೆಯದು ಕಷ್ಟದ ಪ್ರಶ್ನೆ. ಪುರಾಣದ ಬೇರು ಇಲ್ಲಿದೆ: ರಾಗ್ನಾಗ್ಲಾರ್, ಥೆಡ್, ಮಾಲಿಯಾ ಅಂತ ಮೂವರು ಸೇರಿ ಕೇಯಾಸನ್ನು ಲೋಕದೊಳಗೆ ಕರೆದ್ರು, ಅವರಿಂದ ಹುಟ್ಟಿದವನೇ ಸೈತಾನ ವಾಕ್‌ಬಾತ್. (ನಮ್ಮ ಹುಡುಗರು ಅವನನ್ನ ವಾಂಗೀಬಾತ್ ಅಂತಾರೆ. ಲೋಕ ನುಂಗೋ ದೈತ್ಯ ಬಂದ ಅಂತ ಗಂಭೀರವಾಗಿ ಹೇಳಿದ್ರೆ ಯಾರೋ ಒಬ್ಬ ‘ಮೊಸರು ಬಜ್ಜಿ ಇದೆಯಾ’ ಅಂತಾನೆ.) ಆ ಥೆಡ್ಡೇ ಬ್ರೂಗಳ ತಾಯಿ. ಅವಳ ಮೇಲೇ ಮೊದಲು ದೌರ್ಜನ್ಯ ಆಯ್ತು ಅನ್ನೋ ಕಥೆಯೂ ಇದೆ. ಅಂದ್ರೆ ಬ್ರೂಗಳ ಮೂಲದಲ್ಲೇ ಒಂದು ಗಾಯ ಇದೆ, ಆ ಗಾಯ ತನ್ನನ್ನೇ ಮತ್ತೆ ಮತ್ತೆ ಹೆರುತ್ತೆ.

ಹಾಗಂತ ಬ್ರೂ ಅಂದ್ರೆ ಬರೀ ಮೃಗ ಅಲ್ಲ. ಡೊರಾಸ್ಟರ್ ಅನ್ನೋ ಸೀಮೆಯಲ್ಲಿ ರಾಲ್ಜಾಕಾರ್ಕ್ ಅಂತ ಒಬ್ಬ ರಾಜ, ಬ್ರೂ, ಆದ್ರೆ ತಲೆ ಯೂನಿಕಾರ್ನ್‌ದು. ಆಸ್ಥಾನ ಇದೆ, ರಾಜಕೀಯ ಗೊತ್ತು, ಅತಿಥಿಯ ಜೊತೆ ನಾಜೂಕಾಗಿ ಮಾತಾಡ್ತಾನೆ. ಅವನ ಎದುರು ಆಟಗಾರರನ್ನು ಕೂರಿಸಿ ನೋಡಿ. ಕೊಡಲಿ ಎತ್ತೋದು ಅಷ್ಟು ಸುಲಭ ಅನ್ನಿಸಲ್ಲ.

ಅರ್ಧ ಚಹಾ:
ಒಬ್ಬ ರಾಜ ನಾಜೂಕಾಗಿ ಮಾತಾಡಿದ ಅಂದ್ರೆ ಉಳಿದ ಮರಿಗಳಿಗೆ ಆಯ್ಕೆ ಬಂತಾ? ನನಗೆ ಇನ್ನೂ ಒಪ್ಪಿಗೆ ಇಲ್ಲ. ನನ್ನ ಮೇಜಿನಲ್ಲಿ ಕೇಯಾಸ್ ಯಾವಾಗಲೂ ಯಾರೋ ಮಾಡಿದ ಒಪ್ಪಂದ. ಬರಗಾಲದಲ್ಲಿ ಒಂದು ಊರು ಏನನ್ನೋ ಕರೆಯುತ್ತೆ, ಬೆಲೆ ಮುಂದಿನ ತಲೆಮಾರು ಕೊಡುತ್ತೆ. ಬ್ರೂ ಇಲ್ಲದೆಯೂ ಆಟ ಚೆನ್ನಾಗೇ ನಡೀತಿದೆ.

ಕೆಂಪು ಚಂದ್ರ:
ಅಬ್ಬಾ, ಗೂಳಿ ಭಕ್ತರ ಸಭೆಯಲ್ಲಿ ಕೊನೆಗೂ ಒಬ್ಬರು ಪ್ರಶ್ನೆ ಕೇಳಿದ್ರು. ಕೆಂಪು ದೇವತೆಯನ್ನ ಪೂಜಿಸೋ ಲೂನಾರ್ ಸಾಮ್ರಾಜ್ಯದ ಪರವಾಗಿ ಎರಡು ಮಾತು.

ಗೂಳಿಯವರು ತೂತಿನ ಕಥೆ ಹೇಳಿ ಅಲ್ಲಿಗೇ ನಿಲ್ಲಿಸಿದ್ರು. ಮುಂದಿನದನ್ನ ಹೇಳಲಿಲ್ಲ. ಯುದ್ಧದ ಕೊನೆಗೆ ಉಳಿದ ದೇವತೆಗಳೆಲ್ಲ ಪಾತಾಳದಲ್ಲಿ ಸೇರಿ, ಜೇಡದೇವತೆ ಅರಾಕ್ನೆ ಸೊಲಾರಾ ಹೆಣೆದ ಬಲೆ ಹಿಡಿದ್ರು. ಬಲೆಗೆ ಬಿದ್ದ ಕೇಯಾಸನ್ನು ಅವಳು ನುಂಗಿದಳು. ನುಂಗಿ ಹೆತ್ತದ್ದು ಯಾರನ್ನ? ಕಾಲವನ್ನ! ಗ್ಲೊರಾಂಥಾದಲ್ಲಿ ನಿನ್ನೆ, ನಾಳೆ, ಮುಪ್ಪು, ಇತಿಹಾಸ ಇರೋದೇ ಅದರಿಂದ. ಈಗ ಹೇಳಿ, ಕೇಯಾಸ್ ಲೋಕದ ಹೊರಗಿನದೋ, ಪ್ರತಿಯೊಂದು ಬೆಳಗಿನ ಒಳಗೂ ಇರೋದೋ? ನಮ್ಮ ಕೆಂಪು ದೇವತೆ ಹೇಳೋದು ಇಷ್ಟೇ: ಅದೂ ಇರೋದರ ಒಂದು ಭಾಗ, ಕಣ್ಣು ಮುಚ್ಚಿಕೊಂಡ್ರೆ ಹೋಗಲ್ಲ.

ಹಳೇ ಗೂಳಿ:
ತತ್ವ ಚೆನ್ನಾಗಿದೆ. ನಿಮ್ಮ ದೇವತೆ ಏರಿ ಬಂದ ದೈತ್ಯ ಬಾವಲಿ ಕ್ರಿಮ್ಸನ್ ಬ್ಯಾಟ್ ಏನು ತಿನ್ನುತ್ತೆ ಅಂತಾನೂ ಸಭೆಗೆ ತಿಳಿಸಿ.

ಕೆಂಪು ಚಂದ್ರ:
...ಜನರನ್ನ.

ಹಳೇ ಗೂಳಿ:
ಸಭೆ ಗಮನಿಸಬೇಕು.

ಕೆಂಪು ಚಂದ್ರ:
ಗಮನಿಸಲಿ. ನಿಮ್ಮ ಬರ್ಸರ್ಕರ್‌ಗಳು ಉರುಳಿಸಿದ ತಲೆಗಳನ್ನೂ ಎಣಿಸಲಿ. ದಾಳಪ್ಪನವರಿಗೆ ಕೆಲಸಕ್ಕೆ ಬರೋ ಒಂದು ಸಂಗತಿ: ಜ್ಞಾನೋದಯ ಆದ ಲೂನಾರ್ ಪಾತ್ರದ ಮೇಲೆ ಸೆನ್ಸ್ ಕೇಯಾಸ್, ಅಂದ್ರೆ ಕೇಯಾಸ್ ಮೂಸಿ ಹಿಡಿಯೋ ಶಕ್ತಿ, ಕೆಲಸ ಮಾಡಲ್ಲ. ಮೈಯಲ್ಲಿ ಕೇಯಾಸ್ ಇದ್ರೂ ಗೂಳಿ ಭಕ್ತನ ಮೂಗಿಗೆ ಸಿಗಲ್ಲ. ಅಂದ್ರೆ ನಿಮ್ಮ ಹುಡುಗನ ಕೈಲಿರೋ ಅಳತೆಗೋಲು ಎಲ್ಲವನ್ನೂ ಅಳೆಯಲ್ಲ. ಇದನ್ನ ಅವನಿಗೆ ಈಗಲೇ ಹೇಳಬೇಡಿ.

ನಿದ್ದೆಗೇಡಿ:
ವೇದಾಂತ ಸಾಕು, ನಮ್ಮ ಮೇಜಲ್ಲಿ ನಡೆದದ್ದು ಕೇಳಿ. ಮಳೆ, ರಾತ್ರಿ, ಪಾತ್ರಗಳಿಗೆಲ್ಲ ಹಸಿವು. ಒಂದು ದೊಡ್ಡ ಮನೆ. ಯಜಮಾನ ಸುರಸುಂದರ, ಮಾತು ಜೇನು, ಒದ್ದೆ ಬಟ್ಟೆ ಬದಲಿಸೋಕೆ ಕೊಡ್ತಾನೆ, ಬೆಂಕಿ ಹತ್ತಿರ ಜಾಗ ಮಾಡ್ತಾನೆ. ಊಟಕ್ಕೆ ಮಾಂಸದ ಸಾರು. ಅಷ್ಟರಲ್ಲಿ ಗೂಳಿ ಭಕ್ತಳ ಪಾತ್ರ ಆಡ್ತಿದ್ದ ಹುಡುಗಿ ‘ಸುಮ್ಮನೆ ಒಂದು ಸಲ ದಾಳ ಹಾಕ್ತೀನಿ’ ಅಂದ್ಲು. ಹಾಕಿದ್ಲು. ಗೇಮ್ ಮಾಸ್ಟರ್ ಏನೂ ಹೇಳದೆ ಒಂದು ಚೀಟಿ ಬರೆದು ಅವಳ ಮುಂದೆ ಸರಿಸಿದ. ಅವಳು ಓದಿ, ಮಡಚಿ, ಬಾಯಿಗಿಟ್ಟಿದ್ದ ಚಿಪ್ಸ್ ವಾಪಸ್ ತಟ್ಟೆಗೆ ಹಾಕಿದ್ಲು. ನಿಜವಾದ ಚಿಪ್ಸ್! ಆಟದೊಳಗಿನ ಸಾರಲ್ಲ.

ಯಜಮಾನ ಓಗರ್. ನೋಡೋಕೆ ಪೂರ್ತಿ ಮನುಷ್ಯ, ತಿನ್ನೋದು ಮನುಷ್ಯರನ್ನ, ಪೂಜೆ ಕಾಕೊಡೀಮನ್ ಅನ್ನೋ ಕೇಯಾಸ್ ದೇವರಿಗೆ. ಟ್ರೋಲನ್ನ ಎದುರಿಗೆ ಕಂಡ್ರೂ ಹೆದರದ ಗುಂಪು ಆವತ್ತು ಹೆದರಿತು.

ತೆರೆಯ ಹಿಂದೆ:
ಇದೇ. ಟ್ರೋಲ್ ಹೆಂಗಸು ಮತ್ತು ಈ ಯಜಮಾನ, ಇಬ್ಬರೂ ಮನುಷ್ಯರನ್ನು ತಿಂತಾರೆ. ವ್ಯತ್ಯಾಸ ಎಲ್ಲಿದೆ ಅಂತ ದಾಳಪ್ಪನವರ ಆಟಗಾರ ಕೇಳಿದ್ರೆ? ಟ್ರೋಲ್ ಹಸಿವಿಗೆ ತಿಂತಾಳೆ, ನಿಮ್ಮನ್ನು ತಿಂದಳು ಅಂತ ಊರು ಇಲ್ಲವಾಗೋದಿಲ್ಲ. ಓಗರ್ ತಿನ್ನೋದು ಅತಿಥಿಯನ್ನ. ಆಮೇಲೆ ಆ ಸೀಮೆಯಲ್ಲಿ ಯಾರೂ ಯಾರ ಮನೆಯ ಬೆಂಕಿ ಹತ್ತಿರವೂ ಕೂರೋ ಹಾಗಿಲ್ಲ.

ಬಣ್ಣದ ಡಬ್ಬಿ:
ಹಾಗಾದ್ರೆ ರೂಪದ ವಿಕಾರಕ್ಕೆ ಅರ್ಥವೇ ಇಲ್ಲವಾ? ರೂನ್‌ಕ್ವೆಸ್ಟ್‌ನಲ್ಲಿ ಕೇಯಾಸ್ ಲಕ್ಷಣಗಳಿಗೆ ಅಂತಲೇ ದಾಳ ಹಾಕೋ ಕೋಷ್ಟಕ ಇದೆಯಲ್ಲ. ಆಮ್ಲ ಉಗುಳೋದು, ಸತ್ತಾಗ ಸಿಡಿಯೋದು, ಗಾಯ ತಾನೇ ಮಾಯೋದು.

ಹಳೇ ಗೂಳಿ:
ಅರ್ಥ ಇದೆ, ಆದ್ರೆ ವಿಕಾರ ಅಲ್ಲಿ ಮುಖ್ಯ ಅಲ್ಲ. ವಾಕ್‌ಟಪಸ್ ನೋಡಿ, ಮನುಷ್ಯನ ಮೈ, ಕತ್ತಿನ ಮೇಲೆ ಇಡೀ ಆಕ್ಟೋಪಸ್. ಕಡಿದ್ರೆ ಮತ್ತೆ ಬೆಳೆಯುತ್ತೆ. ಎರಡೂ ಒಳ್ಳೆ ಪ್ರಾಣಿಗಳೇ, ಸೇರಿದ್ದು ಮಾತ್ರ ಯಾವ ಕುಲಕ್ಕೂ ಸೇರದ್ದು. ಕೋಷ್ಟಕ ದಾಳದ ಮೇಲೆ ನಿಂತಿರೋದೂ ಅದಕ್ಕೇ ಅಂತ ನನ್ನ ಓದು. ಟ್ರೋಲ್ ಮಗು ತಾಯಿಯ ಹಾಗಿರುತ್ತೆ. ಕೇಯಾಸ್ ಕೂಸು ಹೇಗಿರುತ್ತೆ ಅಂತ ಹೆತ್ತವಳಿಗೂ ಗೊತ್ತಿಲ್ಲ.

ಟ್ರೋಲ್‌ಗಳಿಗೂ ಆ ಪೆಟ್ಟು ಬಿದ್ದಿದೆ ಅನ್ನೋದನ್ನ ಮರೀಬೇಡಿ. ಮೊದಲ ಯುಗದಲ್ಲಿ ನೈಸಲೋರ್ ಅನ್ನೋ ದೇವರು ಹಾಕಿದ ಶಾಪದಿಂದ ಅವರ ಹೆರಿಗೆಗಳಲ್ಲಿ ಹೆಚ್ಚಿನವು ಕುಗ್ಗಿದ, ಬಡಕಲು ಟ್ರೋಲ್‌ಕಿನ್‌ಗಳು. ಕಲ್ಲು ಅಗೀತಾ ಕೂತಿದ್ದ ಆ ಹೆಂಗಸಿಗೆ ಅಂಥ ಮಕ್ಕಳು ಎಷ್ಟಿರಬಹುದು? ದಾಳಪ್ಪ, ಅವಳನ್ನು ಮತ್ತೆ ಕರ್ಕೊಂಡು ಬನ್ನಿ. ನಿಮ್ಮ ಹುಡುಗನಿಗೆ ಕೇಯಾಸ್ ಅಂದ್ರೇನು ಅಂತ ಅವಳೇ ಹೇಳಲಿ.

ದಾಳಪ್ಪ:
ಇಷ್ಟು ಓದಿದ ಮೇಲೆ ನಾನು ಮಾಡ್ತಿರೋದು ಹೀಗೆ. ಎಲ್ಲರಿಗೂ ಒಂದೇ ವ್ಯಾಖ್ಯೆ ಕೊಡಲ್ಲ. ಗೂಳಿ ಭಕ್ತನಿಗೆ ಅವನ ಪೂಜಾರಿಯ ಬಾಯಲ್ಲಿ ಒಂದು ಚೀಟಿ:

‘ಪ್ರಾಕ್ಸ್ ಬಯಲಲ್ಲಿ ದೊಡ್ಡ ಬಂಡೆ ಇದೆ, ನೋಡಿದ್ದೀಯ. ಸ್ಪೈಕ್ ಪರ್ವತದ ಚೂರು ಅದು. ನಮ್ಮಪ್ಪ ಗೂಳಿ ಸಾಯೋ ಹಾಗಾದಾಗ ಅದು ಸೈತಾನನ ಮೇಲೆ ಬಿತ್ತು. ಅವನು ಇನ್ನೂ ಅದರಡಿ ಮಿಸುಕಾಡ್ತಿದ್ದಾನೆ. ಯಾವುದು ಆ ಬಂಡೆ ಎತ್ತೋಕೆ ಕೈ ಹಾಕುತ್ತೋ ಅದು ಕೇಯಾಸ್. ಟ್ರೋಲ್ ನಿನ್ನ ಹಸು ಕದೀಬಹುದು, ಬಂಡೆ ಎತ್ತಲ್ಲ.’

ಲೂನಾರ್ ಪಾತ್ರದವಳಿಗೆ ಬೇರೆ ಚೀಟಿ, ಕೆಂಪು ಚಂದ್ರ ಹೇಳಿದ ಅರಾಕ್ನೆ ಸೊಲಾರಾ ಕಥೆ. ಇಬ್ಬರೂ ತಮ್ಮದೇ ಸತ್ಯ ಅಂತ ಜಗಳ ಆಡಲಿ. ನನ್ನ ಹಾಳೆಯಲ್ಲಿ ನಾನು ಬರ್ಕೊಂಡಿರೋದು ಒಂದೇ ಪ್ರಶ್ನೆ: ಇದು ಬಂದು ಹೋದ ಜಾಗದಲ್ಲಿ ಮತ್ತೆ ಏನಾದ್ರೂ ಬೆಳೆಯುತ್ತಾ? ಸಿಂಹ ತಿಂದ ಮೇಲೆ ಹುಲ್ಲು ಬೆಳೆಯುತ್ತೆ. ಟ್ರೋಲ್ ದಾಳಿ ಆದ ಊರನ್ನ ಮತ್ತೆ ಕಟ್ಟಬಹುದು. ಉತ್ತರ ‘ಇಲ್ಲ’ ಅಂತ ಬಂದ್ರೆ ಸೆನ್ಸ್ ಕೇಯಾಸ್‌ಗೆ ದಾಳ ಹಾಕೋಕೆ ಬಿಡ್ತೀನಿ. ಸಾಧಾರಣವಾಗಿ ಗೆದ್ರೆ ‘ಹತ್ತಿರದಲ್ಲಿ ಏನೋ ಇದೆ’ ಅಂತ ಮಾತ್ರ ಹೇಳ್ತೀನಿ, ಯಾರು ಅಂತ ಅಲ್ಲ.

ಬ್ರೂಗಳನ್ನ ಸದ್ಯಕ್ಕೆ ಪಕ್ಕಕ್ಕಿಟ್ಟೆ. ಅರ್ಧ ಚಹಾ ಎತ್ತಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ಅರ್ಧ ಚಹಾ:
ಸರಿ. ಬರಗಾಲದ ಊರಿನ ಕಥೆ ಬೇಕಿದ್ರೆ ನನ್ನ ಟಿಪ್ಪಣಿ ಕಳಿಸ್ತೀನಿ.

ಹುಬ್ಳಿ ಡೈಸ್:
ನಂದೊಂದು ಕೊನೇ ಪ್ರಶ್ನಿ. ಆ ಪುಸ್ತಕದಾಗ ಬಾತುಕೋಳಿ ಮಂದಿ ಅದಾರಲ್ಲ, ಕೈಯಾಗ ಕತ್ತಿ ಹಿಡ್ಕೊಂಡು ನಿಂತಿರ್ತಾವ. ಅವು ಕೇಯಾಸೇನ್ರಿ? ಅರ್ಧ ಮನುಷ್ಯ, ಅರ್ಧ ಬಾತು, ಯಾವ ಕುಲಕ್ಕೂ ಸೇರಿಲ್ಲಲ್ಲ.

ಹಳೇ ಗೂಳಿ:
ಅಲ್ಲ. ಡುರುಲ್ಜ್ ಅಂತ ಅವರ ಹೆಸರು, ಅವರದ್ದೂ ಒಂದು ಕುಲವೇ. ಅಪ್‌ಲ್ಯಾಂಡ್ ಮಾರ್ಷ್ ಅನ್ನೋ ಜೌಗಿನ ಅಂಚಿನಲ್ಲಿ ಹೆಣಗಳನ್ನ ಎಬ್ಬಿಸೋ ಡೆಲೆಕ್ಟಿಯ ಕಾಟ ತಡ್ಕೊಂಡು ಬದುಕ್ತಾರೆ. ಎಷ್ಟೋ ಜನ ಹುಮಾಕ್ಟ್ ಭಕ್ತರು, ಕತ್ತಿ ಸುಮ್ಮನೆ ಹಿಡಿದಿರೋದಲ್ಲ. ಆದ್ರೆ 1613ರಲ್ಲಿ, ನಮ್ಮ ಇಸವಿ ಅಲ್ಲ, ಆ ಲೋಕದ್ದು, ಲೂನಾರ್ ಸಾಮ್ರಾಜ್ಯದ ವಿರುದ್ಧದ ಸ್ಟಾರ್‌ಬ್ರೌ ದಂಗೆ ಸೋತ ಮೇಲೆ ಆ ಸಾಮ್ರಾಜ್ಯ ತಪ್ಪನ್ನೆಲ್ಲ ಬಾತುಗಳ ತಲೆಗೆ ಕಟ್ಟಿ, ಅದೇ ತಲೆಗಳಿಗೆ ಬಹುಮಾನ ಇಟ್ಟಿತು. ಅಕ್ಕಪಕ್ಕದವರೇ ಬೇಟೆಗೆ ಹೊರಟ್ರು.

ಕೆಂಪು ಚಂದ್ರ:
ಅದಕ್ಕೆ ನಮ್ಮ ಹತ್ತಿರ ಸಮರ್ಥನೆ ಇಲ್ಲ.

ಹುಬ್ಳಿ ಡೈಸ್:
ಹಂಗಾರ ನಾ ಬಾತುಕೋಳಿನೇ ಆಗ್ತೀನಿ. ದಾಳಪ್ಪ, ನಿಮ್ಮ ಗುಂಪಿನಾಗ ಒಂದು ಕುರ್ಚಿ ಖಾಲಿ ಐತೇನು? ಆನ್‌ಲೈನ್ ಆದ್ರೂ ನಡೀತದ.

ದಾಳಪ್ಪ:
ಇದೆ, ಬನ್ನಿ. ಶನಿವಾರ ರಾತ್ರಿ ಊಟ ಆದ ಮೇಲೆ. ಗೂಳಿ ಭಕ್ತನ ಪಕ್ಕದಲ್ಲಿ ಕೂರಿಸ್ತೀನಿ.